ತಳಿ ಉಳಿಯುವುದು ಪಟ್ಟಿಯಲ್ಲಲ್ಲ, ತೋಟದಲ್ಲಿ

ಅಜ್ಜ ನೆಟ್ಟು ಬೆಳೆಸಿದ ಬಳ್ಳಿಯನ್ನು ಮೊಮ್ಮಗ ತನ್ನದೇ ನೆಲದಲ್ಲಿ ಮತ್ತೆ ನೆಟ್ಟರೆ ಅದು ಕಾನೂನಿಗೆ ವಿರುದ್ಧವಾದೀತೇ? ಇಟಲಿಯ ಈಶಾನ್ಯ ಮೂಲೆಯ ಫ್ರಿಯುಲಿ ಪ್ರದೇಶದಲ್ಲಿ 1970ರ ದಶಕದಲ್ಲಿ ಹಾಗೆಯೇ ಆಗಿತ್ತು. ಪ್ರೆಪೊತ್ತೊ ಗ್ರಾಮದ ಸುತ್ತಲಿನ ಗುಡ್ಡಗಳಲ್ಲಿ ಶತಮಾನಗಳಿಂದ ಇದ್ದ ಕಪ್ಪು ದ್ರಾಕ್ಷಿಯೊಂದರ ಹೆಸರು ಸ್ಕಿಯೊಪೆಟ್ಟಿನೊ. ಚಟಪಟನೆ ಸಿಡಿಯುವುದು ಎಂಬುದು ಆ ಹೆಸರಿನ ಭಾವ. ನೆಡಲು ಅನುಮತಿಯುಳ್ಳ ತಳಿಗಳ ಸರ್ಕಾರಿ ಪಟ್ಟಿಯಲ್ಲಿ ಈ ಹೆಸರು ಇರಲಿಲ್ಲ. ದೂರದ ಫ್ರಾನ್ಸಿನಿಂದ ಬಂದ ಮೆರ್ಲೊ, ಕಾಬರ್ನೆ ದ್ರಾಕ್ಷಿಗಳನ್ನು ನಿರಾತಂಕವಾಗಿ ನೆಡಬಹುದಿತ್ತು. ಊರಿನ ಬಳ್ಳಿಯನ್ನು ನೆಡುವಂತಿರಲಿಲ್ಲ.

ಆ ಹೊತ್ತಿಗೆ ಸ್ಕಿಯೊಪೆಟ್ಟಿನೊ ಅಲ್ಲೊಂದು ಇಲ್ಲೊಂದು ಹಳೆಯ ತೋಟದಲ್ಲಿ ಮಾತ್ರ ಉಳಿದಿತ್ತು. ಚಾಲ್ಲಾ ಎಂಬಲ್ಲಿ ನೆಲೆಸಿದ ರಪುತ್ಸಿ ದಂಪತಿ ಆ ಬಳ್ಳಿಗಳನ್ನು ಹುಡುಕಿ, ಕಡ್ಡಿ ತಂದು, ಅನುಮತಿಗೆ ಕಾಯದೆ ನೆಟ್ಟರು. ಅದೇ ಪ್ರದೇಶದ ನೊನಿನೊ ಕುಟುಂಬಕ್ಕೆ ದ್ರಾಕ್ಷಿಯ ಹಿಪ್ಪೆಯನ್ನು ಬಟ್ಟಿ ಇಳಿಸುವುದು ಕುಲಕಸುಬು. ಆ ಕುಟುಂಬ 1975ರಲ್ಲಿ 'ಚಿನ್ನದ ದ್ರಾಕ್ಷಿಸಸಿ' ಎಂಬರ್ಥದ ಪ್ರಶಸ್ತಿಯನ್ನು ಸ್ಥಾಪಿಸಿತು. ಸ್ಕಿಯೊಪೆಟ್ಟಿನೊ, ಪಿನ್ಯೋಲೊ, ತಾತ್ಸೆಲೆಂಗೆ ಮುಂತಾದ ಅಳಿವಿನಂಚಿನ ತಳಿಗಳನ್ನು ನೆಟ್ಟವರನ್ನು ಗೌರವಿಸುವುದು, ಅವುಗಳಿಗೆ ಕಾನೂನಿನ ಮನ್ನಣೆ ದೊರಕಿಸುವುದು ಅದರ ಗುರಿ. ಆ ಪ್ರಶಸ್ತಿ ರಪುತ್ಸಿ ಅವರಿಗೆ ಸಂದಿತು. 1970ರ ದಶಕ ಮುಗಿಯುವಷ್ಟರಲ್ಲಿ ಸ್ಕಿಯೊಪೆಟ್ಟಿನೊ ನೆಡಲು ಅನುಮತಿ ಬಂತು. ಕಾನೂನು ರೈತನ ಹಿಂದೆ ನಡೆದು ಬಂದ ಅಪರೂಪದ ಪ್ರಸಂಗವಿದು.

ದ್ರಾಕ್ಷಾಮದ್ಯದ ಗುಣಗಾನ ಈ ಲೇಖನದ ಉದ್ದೇಶವಲ್ಲ. ಕುಡಿತದಿಂದ ಗ್ರಾಮೀಣ ಸಂಸಾರಗಳು ಪಟ್ಟ ಪಾಡು ಗುಡ್ಡಗಾಡಿನ ಜನರಿಗೆ ಚೆನ್ನಾಗಿ ಗೊತ್ತು. ಇಲ್ಲಿನ ವಿಚಾರ ಬಳ್ಳಿಯದು, ಮಣ್ಣಿನದು, ಅವೆರಡನ್ನು ನಂಬಿ ಬದುಕುವ ಗುಡ್ಡದ ರೈತನದು. ಸ್ಥಳೀಯ ತಳಿಯೊಂದು ಹೇಗೆ ಕಣ್ಮರೆಯಾಗುತ್ತದೆ, ಯಾರ ಕೈಯಲ್ಲಿ ಮರಳಿ ಚಿಗುರುತ್ತದೆ ಎಂಬುದಕ್ಕೆ ಇಟಲಿಯಷ್ಟು ಸ್ಪಷ್ಟ ಉದಾಹರಣೆ ಕಡಿಮೆ.

ಗುಡ್ಡಗಳ ನಾಡು, ಬಳ್ಳಿಗಳ ಬೀಡು

ಇಟಲಿಯ ನೆಲದಲ್ಲಿ ಸುಮಾರು 35 ಭಾಗ ಪರ್ವತ, 42 ಭಾಗ ಗುಡ್ಡ. ಬಯಲೆನ್ನಬಹುದಾದದ್ದು ನೂರಕ್ಕೆ 23 ಮಾತ್ರ. ಉತ್ತರದಲ್ಲಿ ಆಲ್ಪ್ಸ್, ದೇಶದ ಉದ್ದಕ್ಕೂ ಬೆನ್ನೆಲುಬಿನಂತೆ ಅಪೆನೈನ್ ಶ್ರೇಣಿ, ದಕ್ಷಿಣದಲ್ಲಿ ಇಂದಿಗೂ ಹೊಗೆಯಾಡುವ ಎಟ್ನಾ ಜ್ವಾಲಾಮುಖಿ. ಒಂದು ಕಣಿವೆಗೂ ಪಕ್ಕದ ಕಣಿವೆಗೂ ಮಳೆ, ಗಾಳಿ, ಮಣ್ಣು ಬೇರೆ. 1861ರವರೆಗೆ ಇಟಲಿ ಒಂದೇ ರಾಷ್ಟ್ರವಾಗಿಯೂ ಇರಲಿಲ್ಲ. ಹಲವು ಸಂಸ್ಥಾನಗಳು, ಹಲವು ಆಡುನುಡಿಗಳು. ಹೀಗೆ ಪ್ರತಿ ಕಣಿವೆಯೂ ತನಗೆ ಒಗ್ಗಿದ ದ್ರಾಕ್ಷಿಯನ್ನು ತಾನೇ ಆಯ್ದುಕೊಂಡಿತು, ತನ್ನ ನುಡಿಯಲ್ಲಿ ಅದಕ್ಕೆ ಹೆಸರಿಟ್ಟಿತು. 2012ರಲ್ಲಿ ಮೂವರು ತಜ್ಞರು ಪ್ರಕಟಿಸಿದ ದ್ರಾಕ್ಷಿತಳಿಗಳ ಬೃಹತ್ ಕೋಶವೊಂದರಲ್ಲಿ ಜಗತ್ತಿನ 1,368 ವೈನ್ ತಳಿಗಳ ವಿವರವಿದೆ. ಅವುಗಳಲ್ಲಿ 377 ಇಟಲಿಯವು. ಬೇರಾವ ದೇಶವೂ ಈ ಸಂಖ್ಯೆಯ ಸಮೀಪ ಬರುವುದಿಲ್ಲ.

ದ್ರಾಕ್ಷಿಯ ಬೀಜ ನೆಟ್ಟರೆ ತಾಯಿಬಳ್ಳಿಯ ಗುಣ ಬರುವುದಿಲ್ಲ. ಕಾಳುಮೆಣಸಿನಂತೆ ಅದನ್ನೂ ಕಡ್ಡಿಯಿಂದಲೇ ವೃದ್ಧಿಸಬೇಕು. ಅಂದರೆ ಇಂದಿನ ಸ್ಕಿಯೊಪೆಟ್ಟಿನೊ ಬಳ್ಳಿ ಶತಮಾನಗಳ ಹಿಂದಿನ ಬಳ್ಳಿಯ ಜೀವಂತ ಮುಂದುವರಿಕೆ. ಭತ್ತದ ತಳಿಯ ಬೀಜವನ್ನು ಶೀತಲಗೃಹದಲ್ಲಿ ವರ್ಷಗಟ್ಟಲೆ ಕಾಪಿಡಬಹುದು. ದ್ರಾಕ್ಷಿತಳಿಯನ್ನು ಆ ರೀತಿ ಡಬ್ಬಿಯಲ್ಲಿ ತುಂಬಿಡಲು ಬರುವುದಿಲ್ಲ. ಯಾರೋ ಒಬ್ಬರ ತೋಟದಲ್ಲಿ ಅದು ವರ್ಷವರ್ಷವೂ ಚಿಗುರುತ್ತಿರಬೇಕು. ಸಂಶೋಧನಾ ಕೇಂದ್ರದ ತೋಟದಲ್ಲಿ ಮೂರೋ ನಾಲ್ಕೋ ಬಳ್ಳಿಗಳಿದ್ದರೆ ತಳಿ ಉಳಿಯಿತೆಂದು ಹೇಳಬಹುದು. ಆದರೆ ಆ ತಳಿಯನ್ನು ಯಾವ ಇಳಿಜಾರಿನಲ್ಲಿ ನೆಡಬೇಕು, ಎಂದು ಸವರಬೇಕು, ಎಷ್ಟು ಮಾಗಿದಾಗ ಕೊಯ್ಯಬೇಕು ಎಂಬ ತಿಳಿವಳಿಕೆ ಅಲ್ಲಿ ಉಳಿಯುವುದಿಲ್ಲ.

ಬಳ್ಳಿ ಬೆಳೆಸುವ ಕ್ರಮದಲ್ಲೂ ಅಷ್ಟೇ ವೈವಿಧ್ಯ. ನೇಪಲ್ಸ್ ಸಮೀಪದ ಅವೆರ್ಸಾದಲ್ಲಿ ಅಸ್ಪ್ರಿನಿಯೊ ಎಂಬ ಬಿಳಿದ್ರಾಕ್ಷಿಯನ್ನು ಇಂದಿಗೂ ಪೋಪ್ಲರ್ ಮರಗಳ ಮೇಲೆ ಸುಮಾರು 15 ಮೀಟರ್ ಎತ್ತರಕ್ಕೆ ಹಬ್ಬಿಸಿ, ಉದ್ದನೆಯ ಏಣಿಯೇರಿ ಕೊಯ್ಯುತ್ತಾರೆ. ಮರಕ್ಕೆ 'ಮದುವೆಯಾದ ಬಳ್ಳಿ' ಎಂದು ಅಲ್ಲಿನವರು ಕರೆಯುವ ಈ ಪದ್ಧತಿಯನ್ನು ಅಡಿಕೆ ಮರಕ್ಕೆ ಮೆಣಸು ಹಬ್ಬಿಸಿದವರಿಗೆ ವಿವರಿಸಬೇಕಾಗಿಲ್ಲ. ಸದಾ ಗಾಳಿ ಬೀಸುವ ಪಾಂತೆಲ್ಲೆರಿಯಾ ದ್ವೀಪದಲ್ಲಿ ಇದಕ್ಕೆ ತದ್ವಿರುದ್ಧ: ಗುಂಡಿ ತೋಡಿ, ಬಳ್ಳಿಯನ್ನು ನೆಲಮಟ್ಟದ ಪುಟ್ಟ ಪೊದೆಯಾಗಿ ಬೆಳೆಸುತ್ತಾರೆ. 2014ರಲ್ಲಿ ಯುನೆಸ್ಕೊ ಈ ಕೃಷಿಪದ್ಧತಿಯನ್ನೇ ಪಾರಂಪರಿಕ ಸಂಪತ್ತೆಂದು ಮಾನ್ಯಮಾಡಿತು.

ಕರಗಿದ ಬಗೆ

ಇಂಥ ಸಂಪತ್ತು ಕರಗಿದ್ದು ಒಂದೇ ಏಟಿಗಲ್ಲ. ಮೊದಲ ಏಟು ಫಿಲಾಕ್ಸೆರಾ ಎಂಬ ಬೇರುಹೇನಿನದು. ಉತ್ತರ ಅಮೆರಿಕದಿಂದ ಬಂದ ಈ ಕೀಟ 1860ರ ದಶಕದಲ್ಲಿ ಫ್ರಾನ್ಸಿನ ತೋಟಗಳನ್ನು ಒಣಗಿಸಿತು. 1879ರಲ್ಲಿ ಇಟಲಿಯಲ್ಲೂ ಕಾಣಿಸಿಕೊಂಡಿತು. ಕೀಟವನ್ನು ತಾಳಬಲ್ಲ ಅಮೆರಿಕನ್ ಬಳ್ಳಿಯ ಬೇರಿನ ಮೇಲೆ ಯುರೋಪಿನ ಕುಡಿಯನ್ನು ಕಸಿ ಮಾಡುವುದೊಂದೇ ಪರಿಹಾರವಾಯಿತು. ಕಸಿಗೆ ಹಣ ಬೇಕು. ಹಣ ಹಾಕಿ ಮರುನಾಟಿ ಮಾಡುವಾಗ ರೈತ ಹೆಚ್ಚು ಇಳುವರಿಯ ತಳಿಯನ್ನೇ ಆರಿಸುವುದು ಸಹಜ. ಕಸಿಯ ಭಾಗ್ಯ ದೊರೆಯದ ತಳಿಗಳು ಸದ್ದಿಲ್ಲದೆ ಹೋದವು.

ಎರಡನೆಯ ಮಹಾಯುದ್ಧದ ನಂತರ ಗುಡ್ಡದ ಹಳ್ಳಿಗಳ ಯುವಕರು ಕಾರ್ಖಾನೆಗಳತ್ತ ನಡೆದರು. ಗೋಧಿ, ಆಲಿವ್, ದ್ರಾಕ್ಷಿ ಒಟ್ಟಾಗಿ ಬೆಳೆಯುತ್ತಿದ್ದ ಮಿಶ್ರತೋಟಗಳು ಒಡೆದು, ಟ್ರ್ಯಾಕ್ಟರ್ ಓಡಾಡಬಲ್ಲ ಏಕಬೆಳೆಯ ಸಾಲುಗಳಾದವು. 1963ರಲ್ಲಿ ಇಟಲಿ ಮೂಲಸ್ಥಾನ ಸಂರಕ್ಷಣೆಯ ಕಾನೂನನ್ನು ತಂದಿತು. ಊರಿನ ಹೆಸರನ್ನು ಬಾಟಲಿಯ ಮೇಲೆ ಬಳಸಬೇಕಾದರೆ ಇಂಥ ತಳಿ, ಇಷ್ಟು ಇಳುವರಿ, ಇಂಥ ವಿಧಾನ ಎಂದು ನಿಯಮ ಬಂತು. ಕಲಬೆರಕೆ ತಡೆಯುವ ಸದುದ್ದೇಶವೇನೋ ಇತ್ತು. ಆದರೆ ನಿಯಮ ಬರೆದವರ ಕಣ್ಣಿಗೆ ಬಿದ್ದ ತಳಿಗಳಷ್ಟೇ ಪಟ್ಟಿಗೆ ಸೇರಿದವು. ಉಳಿದವು ಅಕ್ರಮವಾದವು, ಇಲ್ಲವೇ ಅನಾಮಿಕವಾದವು.

ಬಳಿಕ ಬಂದದ್ದು ಫ್ಯಾಷನ್ನಿನ ಅಲೆ. ತಸ್ಕನಿಯ ಕರಾವಳಿಯಲ್ಲಿ ಫ್ರೆಂಚ್ ತಳಿಯಾದ ಕಾಬರ್ನೆಯಿಂದ ತಯಾರಾದ ಸಸ್ಸಿಕಾಯಾ ಎಂಬ ವೈನಿನ 1968ರ ಸುಗ್ಗಿ ಮಾರುಕಟ್ಟೆಗೆ ಬಂದು ಅಪಾರ ಖ್ಯಾತಿ ಗಳಿಸಿತು. ನಂತರದ ಎರಡು ಮೂರು ದಶಕಗಳಲ್ಲಿ ಕಾಬರ್ನೆ, ಮೆರ್ಲೊ, ಶಾರ್ಡೊನೆ ನೆಟ್ಟರೆ ಮಾತ್ರ ಜಗತ್ತು ಗುರುತಿಸುತ್ತದೆ ಎಂಬ ನಂಬಿಕೆ ಹರಡಿತು. ಇನ್ನೊಂದೆಡೆ ಅಗ್ಗದ ಮಾಲಿನ ಪೈಪೋಟಿ. 1986ರಲ್ಲಿ ಅಗ್ಗದ ವೈನಿಗೆ ವಿಷಕಾರಿ ಮೆಥನಾಲ್ ಬೆರೆಸಿದ ಪ್ರಕರಣದಲ್ಲಿ 20ಕ್ಕೂ ಹೆಚ್ಚು ಜನ ಪ್ರಾಣ ತೆತ್ತರು. ಮಿಗತೆ ಉತ್ಪಾದನೆಯನ್ನು ತಗ್ಗಿಸಲು ಬಳ್ಳಿ ಕಿತ್ತವರಿಗೆ ಐರೋಪ್ಯ ಒಕ್ಕೂಟವೇ ಪರಿಹಾರಧನ ಕೊಟ್ಟಿತು. 2008ರ ಸುಧಾರಣೆಯಲ್ಲಿ ಒಕ್ಕೂಟದಾದ್ಯಂತ 1,75,000 ಹೆಕ್ಟೇರ್ ದ್ರಾಕ್ಷಿ ಕೀಳಿಸುವ ಗುರಿಯಿತ್ತು. ಇಂಥ ಯೋಜನೆಗೆ ಕೈಯೊಡ್ಡುವವರು ಯಾರು? ಮಕ್ಕಳು ಪಟ್ಟಣ ಸೇರಿದ, ಕಡಿದಾದ ಇಳಿಜಾರಿನಲ್ಲಿ ಕೈಗೆಲಸವೇ ಗತಿಯಾದ ವೃದ್ಧ ರೈತರು. ಹಳೆಯ ಬಳ್ಳಿಗಳು ಇರುವುದೂ ಅವರ ತೋಟಗಳಲ್ಲೇ. ಹೆಕ್ಟೇರುಗಳನ್ನು ಎಣಿಸುವ ಯೋಜನೆಗೆ ತಳಿಗಳನ್ನು ಎಣಿಸುವ ಕಣ್ಣಿರುವುದಿಲ್ಲ.

ಸಹಜ ವೈನಿನ ಹಾದಿ

ಈ ಹಿನ್ನೆಲೆಯಲ್ಲಿ ಇಟಲಿಯ ಸಹಜ ವೈನ್ ಚಳವಳಿಯನ್ನು ನೋಡಬೇಕು. ಸಹಜ ಕೃಷಿ ಎಂಬ ಮಾತಿನ ಜಾಡಿನಲ್ಲೇ ಇದನ್ನು ಅರ್ಥಮಾಡಿಕೊಳ್ಳಬಹುದು: ತೋಟದಲ್ಲಿ ಕಳೆನಾಶಕ, ಕೃತಕ ಗೊಬ್ಬರ ಇಲ್ಲ; ಸಂಗ್ರಹಾಗಾರದಲ್ಲಿ ತಿದ್ದುವಿಕೆ ಇಲ್ಲ. ಸಾಮಾನ್ಯ ಕಾರ್ಖಾನೆಯಲ್ಲಿ ಪ್ಯಾಕೆಟ್ಟಿನ ಯೀಸ್ಟ್ ಹಾಕಿ ಹುದುಗು ಬರಿಸುತ್ತಾರೆ. ಹುಳಿ ಕಡಿಮೆಯಾದರೆ ಆಮ್ಲ, ಸಿಹಿ ಕಡಿಮೆಯಾದರೆ ಗಟ್ಟಿಗೊಳಿಸಿದ ದ್ರಾಕ್ಷಿರಸ ಸೇರಿಸುತ್ತಾರೆ. ಕೆಡದಂತೆ ಗಂಧಕದ ಸಂಯುಕ್ತ ಬೆರೆಸುತ್ತಾರೆ. ಐರೋಪ್ಯ ನಿಯಮದಲ್ಲಿ ಸಾಮಾನ್ಯ ಕೆಂಪು ವೈನಿಗೆ ಲೀಟರಿಗೆ 150 ಮಿಲಿಗ್ರಾಂವರೆಗೆ, ಸಾವಯವ ಕೆಂಪು ವೈನಿಗೆ 100 ಮಿಲಿಗ್ರಾಂವರೆಗೆ ಗಂಧಕದ ಡೈಆಕ್ಸೈಡ್ ಇರಬಹುದು. ಸಹಜ ವೈನಿನವರು ಇದಕ್ಕಿಂತ ಬಹಳ ಕೆಳಗೆ ನಿಲ್ಲುತ್ತಾರೆ. ಕೆಲವರು ಬೆರೆಸುವುದೇ ಇಲ್ಲ. ದೋಸೆಹಿಟ್ಟು ರಾತ್ರಿ ಕಳೆಯುವುದರೊಳಗೆ ತಾನಾಗಿ ಉಬ್ಬುವಂತೆ, ತೋಟದಲ್ಲೂ ಸಂಗ್ರಹಾಗಾರದಲ್ಲೂ ನೆಲೆಸಿದ ಸೂಕ್ಷ್ಮಜೀವಿಗಳೇ ಇಲ್ಲಿ ಹುದುಗು ಬರಿಸುತ್ತವೆ.

ಇಂಥ ವಿಧಾನಕ್ಕೂ ಸ್ಥಳೀಯ ತಳಿಗೂ ಇರುವ ನಂಟು ಭಾವನಾತ್ಮಕವಷ್ಟೇ ಅಲ್ಲ, ಸಸ್ಯಶಾಸ್ತ್ರೀಯವೂ ಹೌದು. ತಿದ್ದುವ ಸೌಲಭ್ಯ ಇಲ್ಲದವನಿಗೆ ತಿದ್ದುಪಡಿ ಬೇಡದ ಹಣ್ಣು ಬೇಕು. ದಕ್ಷಿಣ ಇಟಲಿಯ ಸುಡುಬಿಸಿಲಿನಲ್ಲಿ ಬೇಗ ಮಾಗುವ ಶಾರ್ಡೊನೆ, ಮೆರ್ಲೊ ತಳಿಗಳ ಹುಳಿ ಕುಸಿಯುತ್ತದೆ. ಹುಳಿ ಕುಸಿದ ರಸದಲ್ಲಿ ಕೆಡಿಸುವ ಬ್ಯಾಕ್ಟೀರಿಯಾ ಸುಲಭವಾಗಿ ಬೆಳೆಯುತ್ತದೆ. ಆಮ್ಲವನ್ನೂ ಗಂಧಕವನ್ನೂ ಸೇರಿಸದೆ ಉಪಾಯವಿರುವುದಿಲ್ಲ. ಅದೇ ದಕ್ಷಿಣದ ಕಂಪಾನಿಯಾ ಗುಡ್ಡಗಳ ಅಲ್ಯಾನಿಕೊ ತಳಿ ನಿಧಾನವಾಗಿ ಮಾಗಿ, ಅಕ್ಟೋಬರ್ ಕೊನೆ ಅಥವಾ ನವೆಂಬರ್ ಹೊತ್ತಿಗೆ ಕೊಯ್ಲಿಗೆ ಬರುತ್ತದೆ. ಆಗಲೂ ಹುಳಿ ಬಿಟ್ಟುಕೊಟ್ಟಿರುವುದಿಲ್ಲ. ಎಟ್ನಾದ ಎತ್ತರದ ಇಳಿಜಾರುಗಳ ಕರಿಕಾಂತೆ ತಳಿಯದೂ ಇದೇ ಸ್ವಭಾವ. ನೂರಾರು ವರ್ಷಗಳ ಕಾಲ ರೈತರು ಆಯ್ದು ಬೆಳೆಸಿದ್ದರ ಫಲವಿದು. ರೈತರ ಆಯ್ಕೆಯನ್ನು ಬದಿಗೊತ್ತಿದಾಗ ಆ ಜಾಗವನ್ನು ರಾಸಾಯನಿಕ ತುಂಬಬೇಕಾಗುತ್ತದೆ.

ಈ ಹಾದಿಯಲ್ಲಿ ನಡೆದವರ ಉದಾಹರಣೆಗಳು ಹಲವು. ಅಬ್ರುತ್ಸೊ ಪ್ರದೇಶದ ಎಮಿದಿಯೊ ಪೆಪೆ 1964ರಿಂದ ತಮ್ಮ ಊರಿನ ತ್ರೆಬ್ಬಿಯಾನೊ, ಮೊಂತೆಪುಲ್ಚಾನೊ ದ್ರಾಕ್ಷಿಗಳನ್ನೇ ನಂಬಿದರು. ಬಿಳಿದ್ರಾಕ್ಷಿಯನ್ನು ಕಾಲಿನಲ್ಲಿ ತುಳಿಯುವುದು, ಕಪ್ಪುದ್ರಾಕ್ಷಿಯನ್ನು ಕೈಯಲ್ಲೇ ತೊಟ್ಟಿನಿಂದ ಬಿಡಿಸುವುದು ಆ ಮನೆಯ ಕ್ರಮ. ಹಳೆಯ ಚಪ್ಪರ ಪದ್ಧತಿಯನ್ನೂ ಅವರು ಬಿಡಲಿಲ್ಲ. ಚಪ್ಪರ ಹಿಂದುಳಿದವರ ಕೃಷಿ ಎಂಬ ಮಾತು ಒಂದು ಕಾಲಕ್ಕೆ ಪ್ರಚಲಿತವಾಗಿತ್ತು. ತಾಪಮಾನ ಏರುತ್ತಿರುವ ಈ ದಿನಗಳಲ್ಲಿ ಗೊಂಚಲಿಗೆ ನೆರಳು ಕೊಡುವ ಅದೇ ಚಪ್ಪರದತ್ತ ತಜ್ಞರು ಮತ್ತೆ ನೋಡುತ್ತಿದ್ದಾರೆ.

ಸ್ಲೊವೇನಿಯಾ ಗಡಿಯ ಒಸ್ಲಾವಿಯಾದಲ್ಲಿ ಯೋಷ್ಕೊ ಗ್ರಾವ್ನರ್ ಮೊದಲಿಗೆ ಉಕ್ಕಿನ ತೊಟ್ಟಿ, ಹೊಸ ಓಕ್ ಪೀಪಾಯಿಗಳ ಆಧುನಿಕ ತಯಾರಕರಾಗಿ ಹೆಸರು ಮಾಡಿದ್ದರು. 1987ರಲ್ಲಿ ಕ್ಯಾಲಿಫೋರ್ನಿಯಾಕ್ಕೆ ಹೋಗಿಬಂದ ಮೇಲೆ ಆ ದಾರಿಯೇ ಬೇಸರ ತರಿಸಿತು. 2000ದಲ್ಲಿ ಕಾಕಸಸ್ ಪರ್ವತಗಳ ಜಾರ್ಜಿಯಾ ದೇಶಕ್ಕೆ ಹೋಗಿ, ನೆಲದಲ್ಲಿ ಹೂತ ಮಣ್ಣಿನ ಹರವಿಗಳ ಪ್ರಾಚೀನ ಪದ್ಧತಿಯನ್ನು ಕಂಡು ಬಂದರು. ಮರುವರ್ಷದಿಂದ ಅದನ್ನೇ ಅನುಸರಿಸಿದರು. ಸ್ಥಳೀಯ ಬಿಳಿದ್ರಾಕ್ಷಿಯಾದ ರಿಬೊಲ್ಲಾ ಸಿಪ್ಪೆಸಮೇತ ತಿಂಗಳುಗಟ್ಟಲೆ ಹರವಿಯಲ್ಲಿದ್ದು ಕಿತ್ತಳೆಬಣ್ಣ ತಳೆಯುತ್ತದೆ. ಕೊನೆಗೆ ಅವರು ವಿದೇಶಿ ಬಿಳಿದ್ರಾಕ್ಷಿಗಳ ವೈನನ್ನು 2012ರ ಸುಗ್ಗಿಗೇ ನಿಲ್ಲಿಸಿ, ರಿಬೊಲ್ಲಾದ ಮೇಲೆ ನಿಂತರು.

ತ್ರೆಂತಿನೊದ ಎಲಿಸಬೆತ್ತಾ ಫೊರಾದೊರಿ ಅವರ ಕೆಲಸ ಇನ್ನೂ ಸೂಕ್ಷ್ಮವಾದದ್ದು. ಅವರ ಸೀಮೆಯ ತೆರೊಲ್ದೆಗೊ ಹೆಸರಿಗೆ ಅಳಿದಿರಲಿಲ್ಲ, ಎಲ್ಲೆಡೆ ನೆಡಲಾಗುತ್ತಿತ್ತು. ಆದರೆ ನರ್ಸರಿಗಳು ಕೊಡುತ್ತಿದ್ದದ್ದು ಇಳುವರಿಗಾಗಿಯೇ ಆರಿಸಿದ ಕೆಲವೇ ತದ್ರೂಪಿ ಬಳ್ಳಿಗಳು. 1980ರ ದಶಕದ ನಡುಭಾಗದಿಂದ ಅವರು ಹಳೆಯ ತೋಟಗಳಲ್ಲಿ ಅಲೆದು, ಭಿನ್ನ ಗುಣಗಳ ತಾಯಿಬಳ್ಳಿಗಳಿಂದ ಕಡ್ಡಿ ಆಯ್ದು ನೆಟ್ಟರು. ತಳಿಯೊಂದು ಉಳಿದರೂ ತಳಿಯೊಳಗಿನ ವೈವಿಧ್ಯ ಅಳಿದಿರಬಹುದು ಎಂಬ ಈ ಎಚ್ಚರ ಕೃಷಿ ವಿದ್ಯಾರ್ಥಿಗಳು ಮರೆಯಬಾರದ ಸಂಗತಿ.

ಪಿಯೆಮೊಂತೆಯ ತೊರ್ತೋನಾ ಗುಡ್ಡಗಳ ತಿಮೊರಾಸ್ಸೊ ಬಿಳಿದ್ರಾಕ್ಷಿಯ ಕತೆಯನ್ನೂ ಇಲ್ಲಿ ಹೇಳಬೇಕು. ಇಳುವರಿ ಕಡಿಮೆ, ಅದೂ ಅನಿಶ್ಚಿತ ಎಂದು ರೈತರು ಅದನ್ನು ಕಿತ್ತು ಕೊರ್ತೆಸೆ ತಳಿ ನೆಟ್ಟಿದ್ದರು. ವಾಲ್ಟರ್ ಮಾಸ್ಸಾ 1987ರಲ್ಲಿ ಅಳಿದುಳಿದ ಹಣ್ಣಿನಿಂದ ಪ್ರತ್ಯೇಕ ವೈನ್ ಮಾಡಲು ಆರಂಭಿಸಿದರು. ಇಂದು ಆ ಗುಡ್ಡಗಳಲ್ಲಿ ತಿಮೊರಾಸ್ಸೊ ನೂರಾರು ಹೆಕ್ಟೇರುಗಳಲ್ಲಿದೆ. ಅದನ್ನು ಉಳಿಸಿದ್ದು ಸಂರಕ್ಷಣಾ ಯೋಜನೆಯಲ್ಲ. ಅದರಿಂದ ಬದುಕು ಕಟ್ಟಿಕೊಳ್ಳಬಹುದು ಎಂದು ಒಬ್ಬರು ತೋರಿಸಿದ್ದು, ನೆರೆಯವರು ಅದನ್ನು ನಂಬಿದ್ದು.

ಭ್ರಮೆಯೂ ಬೇಡ

ಹೀಗೆಂದ ಮಾತ್ರಕ್ಕೆ ಸ್ಥಳೀಯ ತಳಿ ಎಲ್ಲ ರೋಗಕ್ಕೂ ಮದ್ದು ಎಂದು ಭಾವಿಸುವುದು ಅವೈಜ್ಞಾನಿಕ. ದ್ರಾಕ್ಷಿಯ ಬೂಜುರೋಗ ಅಮೆರಿಕದಿಂದ 19ನೆಯ ಶತಮಾನದಲ್ಲಿ ಯುರೋಪಿಗೆ ಬಂದದ್ದು. ಅದರ ಪರಿಚಯವೇ ಇಲ್ಲದೆ ವಿಕಾಸಗೊಂಡ ಯುರೋಪಿನ ತಳಿಗಳಿಗೆ, ಅವು ಎಷ್ಟೇ ಸ್ಥಳೀಯವಾಗಿದ್ದರೂ, ಸಹಜ ನಿರೋಧಶಕ್ತಿ ಸಾಲದು. ಈ ರೋಗಕ್ಕಾಗಿಯೇ 1880ರ ದಶಕದಲ್ಲಿ ಫ್ರಾನ್ಸಿನ ಬೋರ್ಡೊದಲ್ಲಿ ಮೈಲುತುತ್ತು ಮತ್ತು ಸುಣ್ಣದ ದ್ರಾವಣ ರೂಪುಗೊಂಡಿತು. 20ನೆಯ ಶತಮಾನದ ಆರಂಭದಲ್ಲಿ ಮೈಸೂರು ಸಂಸ್ಥಾನದ ಕೃಷಿವಿಜ್ಞಾನಿ ಲೆಸ್ಲಿ ಕೋಲ್ಮನ್ ಅದೇ ದ್ರಾವಣವನ್ನು ಅಡಿಕೆಯ ಕೊಳೆರೋಗಕ್ಕೆ ಬಳಕೆಗೆ ತಂದರು. ಎರಡೂ ರೋಗಾಣುಗಳು ಒಂದೇ ಬಗೆಯವು. ತೇವವೇ ಎರಡಕ್ಕೂ ಬಲ. ಮಲೆನಾಡಿನ ಕೊನೆಗಾರ ಆಷಾಢದ ಮಳೆಯ ನಡುವೆ ಮರವೇರಿ ಸಿಂಪಡಿಸುವುದನ್ನೇ ಇಟಲಿಯ ಸಹಜ ಕೃಷಿಕನೂ ವಸಂತದ ಮಳೆಯಲ್ಲಿ ಸಿಂಪಡಿಸುತ್ತಾನೆ.

ಆದರೆ ತಾಮ್ರವೂ ಭಾರಲೋಹವೇ. ಮಣ್ಣಿನಲ್ಲಿ ಅದು ಕರಗಿಹೋಗದೆ ಶೇಖರವಾಗುತ್ತದೆ, ಎರೆಹುಳುಗಳಿಗೆ ಕೇಡು. ಆದಕಾರಣವೇ ಐರೋಪ್ಯ ಒಕ್ಕೂಟ 2019ರಿಂದ ಏಳು ವರ್ಷಗಳಲ್ಲಿ ಹೆಕ್ಟೇರಿಗೆ ಒಟ್ಟು 28 ಕಿಲೋಗ್ರಾಂಗಿಂತ ಹೆಚ್ಚು ತಾಮ್ರ ಬಳಸಬಾರದೆಂಬ ಮಿತಿ ಹಾಕಿತು. 2023ರ ವಸಂತದಲ್ಲಿ ಮಧ್ಯ ಮತ್ತು ದಕ್ಷಿಣ ಇಟಲಿಯಲ್ಲಿ ಎಡೆಬಿಡದೆ ಮಳೆ ಸುರಿದಾಗ ಬೂಜುರೋಗ ಅಬ್ರುತ್ಸೊ ಮುಂತಾದೆಡೆ ತೋಟಗಳನ್ನು ಬರಿದಾಗಿಸಿತು. ಆ ವರ್ಷ ದೇಶದ ಒಟ್ಟು ವೈನ್ ಉತ್ಪಾದನೆ ಹಿಂದಿನ ವರ್ಷಕ್ಕಿಂತ ಐದನೆಯ ಒಂದು ಭಾಗಕ್ಕೂ ಹೆಚ್ಚು ಕುಸಿಯಿತು. ರೋಗನಿರೋಧಕ ಸಂಕರ ತಳಿಗಳನ್ನು ನೆಡೋಣವೇ ಎಂಬ ಪ್ರಶ್ನೆ ಸಹಜ ವೈನ್ ತಯಾರಕರ ನಡುವೆಯೇ ಈಗ ಚರ್ಚೆಯಲ್ಲಿದೆ. ಹಳೆಯದೆಂಬ ಕಾರಣಕ್ಕೆ ಎಲ್ಲವನ್ನೂ ಅಪ್ಪುವುದು, ಹೊಸದೆಂಬ ಕಾರಣಕ್ಕೆ ಎಲ್ಲವನ್ನೂ ದೂಡುವುದು ಎರಡೂ ವಿವೇಕವಲ್ಲ.

ಸ್ಥಳೀಯ ತಳಿಯೇ ಏಕಬೆಳೆಯಾದರೆ? ಪ್ರೊಸೆಕ್ಕೊ ಇದಕ್ಕೆ ಕಣ್ಣೆದುರಿನ ಸಾಕ್ಷಿ. ಗ್ಲೆರಾ ಎಂಬ ದ್ರಾಕ್ಷಿ ಈಶಾನ್ಯ ಇಟಲಿಯದೇ. 2009ರಲ್ಲಿ ಒಂಬತ್ತು ಜಿಲ್ಲೆಗಳನ್ನು ವ್ಯಾಪಿಸುವಂತೆ ಪ್ರೊಸೆಕ್ಕೊ ಹೆಸರಿನ ಸಂರಕ್ಷಿತ ವಲಯ ರೂಪುಗೊಂಡಿತು. ಈಗ ಅಲ್ಲಿಂದ ವರ್ಷಕ್ಕೆ 60 ಕೋಟಿಗೂ ಹೆಚ್ಚು ಬಾಟಲಿ ಹೊರಬರುತ್ತದೆ. ಹುಲ್ಲುಗಾವಲು, ಜೋಳ, ಹಣ್ಣಿನ ಗಿಡಗಳಿದ್ದೆಡೆ ಗ್ಲೆರಾ ಸಾಲುಗಳು ಬಂದವು. ಸಿಂಪರಣೆಯ ವಿರುದ್ಧ ಗ್ರಾಮಸ್ಥರು ಬೀದಿಗಿಳಿದರು. ಗುಡ್ಡದ ಮಣ್ಣು ಕೊಚ್ಚಿಹೋಗುತ್ತಿರುವುದರ ಬಗ್ಗೆ ಪಾದುವಾ ವಿಶ್ವವಿದ್ಯಾಲಯದ ಸಂಶೋಧಕರು 2019ರಲ್ಲಿ ಎಚ್ಚರಿಸಿದರು. ಅದೇ ವರ್ಷ ಅಲ್ಲಿನ ಗುಡ್ಡಗಳು ವಿಶ್ವಪರಂಪರೆಯ ಪಟ್ಟಿಗೂ ಸೇರಿದವು. ಸ್ಥಳೀಯತೆ ತಳಿಯ ಹೆಸರಿನಲ್ಲಿಲ್ಲ, ಅದು ಹಂಚಿಕೊಂಡಿರುವ ನೆಲದ ಸಮತೋಲದಲ್ಲಿದೆ.

ಮತ್ತೊಂದು ಟೀಕೆಯನ್ನೂ ಒಪ್ಪಬೇಕು. ಸಹಜ ವೈನ್ ಬಹುಪಾಲು ದೊಡ್ಡ ನಗರಗಳ ಉಳ್ಳವರ ಮೇಜಿಗೆ ಹೋಗುವ ದುಬಾರಿ ಸರಕು. 'ಸಹಜ' ಎಂಬ ಪದಕ್ಕೆ ಐರೋಪ್ಯ ಕಾನೂನಿನಲ್ಲಿ ವ್ಯಾಖ್ಯೆ ಇಲ್ಲದ ಕಾರಣ ಯಾರು ಬೇಕಾದರೂ ಅದರ ನೆರಳಿನಲ್ಲಿ ಮಾರಬಹುದು. ವೆನೆತೊ ಪ್ರದೇಶದಲ್ಲಿ ಗಾರ್ಗಾನೆಗಾ ದ್ರಾಕ್ಷಿ ಬೆಳೆಯುವ ಆಂಜೊಲಿನೊ ಮಾವುಲೆ 2006ರಲ್ಲಿ ಸ್ಥಾಪಿಸಿದ ವಿನ್‌ನತುರ್ ಸಂಘ ಇದಕ್ಕೊಂದು ಉತ್ತರ ಹುಡುಕಿತು: ಸದಸ್ಯರ ವೈನನ್ನು ಪ್ರಯೋಗಾಲಯಕ್ಕೆ ಕಳಿಸಿ ಕೀಟನಾಶಕದ ಉಳಿಕೆ ಇದೆಯೇ ಎಂದು ಪರೀಕ್ಷಿಸುವುದು. ಸ್ವಯಂ ಹೇರಿಕೊಂಡ ಇಂಥ ಶಿಸ್ತು ಇಲ್ಲದಿದ್ದರೆ ಯಾವ ಒಳ್ಳೆಯ ಪದವೂ ಕೆಲವೇ ವರ್ಷಗಳಲ್ಲಿ ಜಾಹೀರಾತಾಗಿಬಿಡುತ್ತದೆ.

ನಿಯಮ ಯಾರದು?

ಇಷ್ಟೆಲ್ಲ ಹೇಳಿದ ಮೇಲೂ ಒಂದು ಸತ್ಯ ಉಳಿಯುತ್ತದೆ. ಉತ್ತರದ ವಾಲ್ತೆಲ್ಲೀನಾ ಕಣಿವೆಯಲ್ಲಿ ನೆಬ್ಬಿಯೊಲೊ ದ್ರಾಕ್ಷಿಯನ್ನು ಹೊತ್ತು ನಿಂತ ಒಣಕಲ್ಲಿನ ಕಟ್ಟೆಗಳ ಒಟ್ಟು ಉದ್ದ ಸುಮಾರು 2,500 ಕಿಲೋಮೀಟರ್ ಎನ್ನುತ್ತಾರೆ. ಗಾರೆಯಿಲ್ಲದೆ, ಕಲ್ಲಿಗೆ ಕಲ್ಲು ಕೂಡಿಸಿ ಕಟ್ಟಿದವು. ತೋಟ ಹಾಳುಬಿದ್ದರೆ ಮೊದಲು ಸಡಿಲಗೊಳ್ಳುವುದು ಈ ಕಟ್ಟೆ; ಕಟ್ಟೆ ಕುಸಿದರೆ ಮಣ್ಣು ಜಾರುತ್ತದೆ, ಕೆಳಗಿನ ಊರಿಗೆ ಅಪಾಯ. ಬಳ್ಳಿ, ಕಟ್ಟೆ, ಕಟ್ಟೆ ರಿಪೇರಿ ಬಲ್ಲ ಕೈ ಇವು ಮೂರೂ ಒಟ್ಟಿಗೇ ಉಳಿಯಬೇಕು, ಇಲ್ಲವೇ ಒಟ್ಟಿಗೇ ಹೋಗಬೇಕು. ಗುಡ್ಡದ ಮೇಲೆ ಇಳುವರಿಯಲ್ಲಿ ಬಯಲಿನೊಡನೆ ಪೈಪೋಟಿ ಸಾಧ್ಯವಿಲ್ಲ. ಬೇರೆಲ್ಲೂ ಸಿಗದ್ದನ್ನು ಬೆಳೆದಾಗ ಮಾತ್ರ ಗುಡ್ಡದ ರೈತನ ಶ್ರಮಕ್ಕೆ ಬೆಲೆ ದೊರೆಯುತ್ತದೆ.

ಆದಕಾರಣ ಸರ್ಕಾರಗಳಿಂದ ಅಪೇಕ್ಷಿಸಬೇಕಾದ್ದು ದೊಡ್ಡ ಅನುದಾನಕ್ಕಿಂತ ಮೊದಲು ಒಂದಿಷ್ಟು ಅವಕಾಶ. ಫೊರಾದೊರಿಯಂಥ ತಯಾರಕರು ತಮ್ಮ ಊರಿನ ಸಂರಕ್ಷಿತ ಹೆಸರನ್ನು ಬಿಟ್ಟು, ವಿಶಾಲ ಪ್ರಾಂತದ ಸಾಧಾರಣ ಮುದ್ರೆಯಡಿ ಮಾರುತ್ತಿರುವುದು ವಿಪರ್ಯಾಸ. ಊರಿನ ಹೆಸರನ್ನು ರಕ್ಷಿಸಲೆಂದು ಬಂದ ಕಾನೂನಿನಿಂದ ಊರಿಗೆ ಅತ್ಯಂತ ನಿಷ್ಠರಾದವರೇ ಹೊರನಡೆದರೆ ದೋಷ ಎಲ್ಲಿದೆ ಎಂದು ಬೇರೆ ಹೇಳಬೇಕಿಲ್ಲ. ಗುಣಮಟ್ಟದ ನಿಯಮ ಬರೆಯುವ ಸಮಿತಿಯಲ್ಲಿ ದೊಡ್ಡ ಉತ್ಪಾದಕನಿಗೆ ಇರುವಷ್ಟೇ ದನಿ ಎರಡು ಹೆಕ್ಟೇರಿನ ರೈತನಿಗೂ ಇರಬೇಕು. ಬಣ್ಣ ಮಬ್ಬಾಗಿದೆ, ರುಚಿ ವಾಡಿಕೆಯದಲ್ಲ ಎಂಬ ಕಾರಣಕ್ಕೆ ಒಂದು ಪದ್ಧತಿಯನ್ನು ಹೊರಗಿಡಬಾರದು. ವಿಷಾಂಶವಿದ್ದರೆ ಮುಲಾಜಿಲ್ಲದೆ ಹೊರಗಿಡಬೇಕು. ಪರವಾನಗಿಯ ಪಟ್ಟಿಗೆ ಹೊಸ ಹೆಸರು ಸೇರಿಸುವ ದಾರಿ ಸುಲಭವಾಗಿರಬೇಕು.

ಸ್ಕಿಯೊಪೆಟ್ಟಿನೊ ಉಳಿದದ್ದು ಯಾರೋ ಅದರ ಮಹತ್ವ ಕುರಿತು ಪ್ರಬಂಧ ಬರೆದದ್ದರಿಂದಲ್ಲ. ಹಳೆಯ ತೋಟದ ಮೂಲೆಯಲ್ಲಿ ಹೆಸರು ಗೊತ್ತಿದ್ದ ಹಿರಿಯರೊಬ್ಬರು ಇನ್ನೂ ಇದ್ದರು. ಅವರನ್ನು ಕೇಳಲು ಕಿರಿಯರು ಹೋದರು. ಕತ್ತಿ ಹಿಡಿದು ಕಡ್ಡಿ ಕೊಯ್ದು ತಂದರು. ಹಿರಿಯರ ನೆನಪಿಗೂ ಕಿರಿಯರ ಕಾಲಿಗೂ ನಡುವಿನ ಆ ದಾರಿ ಮುಚ್ಚಿಹೋಗುವ ಮೊದಲು ನಡೆದು ನೋಡಬೇಕಾದ್ದು ಎಲ್ಲ ಗುಡ್ಡಗಾಡಿನ ವಿದ್ಯಾರ್ಥಿಗಳ ಕರ್ತವ್ಯ. ಪಟ್ಟಿಯನ್ನು ಆಮೇಲೆ ತಿದ್ದಬಹುದು. ಒಣಗಿದ ಬಳ್ಳಿಯಿಂದ ಕಡ್ಡಿ ಸಿಗುವುದಿಲ್ಲ.